ಎರವಿನ ಆಕಾಶದಲ್ಲಿ ಲೋಕನಿರ್ಮಾಣ

ಒಂದು ಕಥೆ ಮನಸ್ಸಿಗೆ ಹಿಡಿಸಿತೆಂದರೆ ಅದು ಮುಗಿದಾಗ ಓದುಗನಿಗೆ ಸಮಾಧಾನವಾಗುವುದಿಲ್ಲ. “ಆಮೇಲೇನಾಯಿತು?” ಎಂದು ಮಗು ಅಜ್ಜಿಯನ್ನು ಪೀಡಿಸುವಂತೆ ಅವನ ಮನಸ್ಸೂ ಕೇಳುತ್ತಲೇ ಇರುತ್ತದೆ. ಕಥೆಗಾರನು ಉತ್ತರ ಕೊಡದಿದ್ದರೆ ಓದುಗನೇ ಲೇಖನಿ ಹಿಡಿಯುವುದುಂಟು. ಹೀಗೆ ಮತ್ತೊಬ್ಬರು ಕಟ್ಟಿದ ಕಥಾಲೋಕದಲ್ಲಿ, ಅವರ ಪಾತ್ರಗಳನ್ನೂ ಊರುಗಳನ್ನೂ ಇಟ್ಟುಕೊಂಡು, ಅಭಿಮಾನದಿಂದ ಬರೆದ ಕಥೆಗೆ ಇಂಗ್ಲಿಷಿನಲ್ಲಿ ‘ಫ್ಯಾನ್ ಫಿಕ್ಷನ್’ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ‘ಅಭಿಮಾನಿ ಕಥೆ’ ಎಂದು ಕರೆಯುತ್ತೇನೆ.

ನಮ್ಮ ವಿದ್ಯಾರ್ಥಿಮಿತ್ರರಲ್ಲಿಯೂ ಇಂಥ ಕಥೆಗಳನ್ನು ಬರೆಯತಕ್ಕವರು ಕೆಲವರಿದ್ದಾರೆ. ಅವರಲ್ಲಿ ಹೆಚ್ಚು ಮಂದಿಯ ಒಲವು ನಕ್ಷತ್ರಗಳ ನಡುವೆ ಸಂಚರಿಸುವ ನೌಕೆಗಳು, ಗ್ರಹಗಳನ್ನಾಳುವ ಸಾಮ್ರಾಜ್ಯಗಳು, ಇವುಗಳ ಕಡೆಗೆ. ಅಂಥ ಕಥೆಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ಅನ್ನಿಸಿದ ಮಾತು ಇದು: ಭಾಷೆ ಚೆನ್ನಾಗಿರುತ್ತದೆ, ಕಲ್ಪನೆಗೂ ಬಡತನವಿಲ್ಲ, ಆದರೆ ಲೋಕ ನಿಲ್ಲುವುದಿಲ್ಲ. ಆಕಾಶದಲ್ಲಿ ಎರಡು ಸೂರ್ಯರು ಉದಯಿಸುತ್ತಾರೆ, ಅಲ್ಲಿಯ ರೈತ ಯಾವಾಗ ಉಳುತ್ತಾನೆ ಎಂಬುದು ಯಾರಿಗೂ ಗೊತ್ತಿಲ್ಲ. ಲಕ್ಷ ನೌಕೆಗಳ ದಂಡು ಹೊರಡುತ್ತದೆ, ಅದಕ್ಕೆ ಅಕ್ಕಿ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಲೋಕವನ್ನು ಕಟ್ಟುವುದೆಂದರೆ ಹೊಸ ಹೊಸ ವಸ್ತುಗಳನ್ನು ಸೇರಿಸುತ್ತ ಹೋಗುವುದಲ್ಲ. ಇರುವ ಒಂದರಿಂದ ಇನ್ನೊಂದು ತಾನಾಗಿ ಹೊರಡುವಂತೆ ಮಾಡುವುದು. ಎರವಲು ಲೋಕದಲ್ಲಿ ಬರೆಯುವವನಿಗಂತೂ ಇದೇ ಮೊದಲ ಪಾಠವೆಂದು ನನ್ನ ಅಭಿಪ್ರಾಯ.

ಮೊದಲು ಹೆಸರಿನ ವಿಚಾರ. ೧೯೪೧ರಲ್ಲಿ ವಿಲ್ಸನ್ ಟಕರ್ ಎಂಬ ಅಮೆರಿಕದ ಬರಹಗಾರರು ‘ಸ್ಪೇಸ್ ಆಪೆರಾ’ ಎಂಬ ಮಾತನ್ನು ಬಳಕೆಗೆ ತಂದರು. ಅದು ಹೊಗಳಿಕೆಯಲ್ಲ, ಹಂಗಿಸುವ ಮಾತು. ಆ ಕಾಲದ ಅಮೆರಿಕದ ರೇಡಿಯೋದಲ್ಲಿ ಸಾಬೂನು ಕಂಪನಿಗಳ ಹಣದಿಂದ ನಡೆಯುತ್ತಿದ್ದ ಕಣ್ಣೀರಿನ ಧಾರಾವಾಹಿಗಳಿಗೆ ‘ಸೋಪ್ ಆಪೆರಾ’ ಎಂದೂ, ಕುದುರೆ ಸವಾರರ ಹೊಡೆದಾಟದ ಕಥೆಗಳಿಗೆ ‘ಹಾರ್ಸ್ ಆಪೆರಾ’ ಎಂದೂ ಹೇಳುತ್ತಿದ್ದರು. ಸವೆದ ಜಾಡಿನಲ್ಲೇ ಓಡುವ ಆಕಾಶನೌಕೆಯ ಕಥೆಗಳಿಗೆ ಟಕರ್ ಅದೇ ಧಾಟಿಯಲ್ಲಿ ಹೆಸರಿಟ್ಟರು. ಕ್ರಮೇಣ ಹೆಸರಿಗಿದ್ದ ಕಳಂಕ ಅಳಿಯಿತು. ಐಸಾಕ್ ಅಸಿಮೋವರ ‘ಫೌಂಡೇಷನ್’, ಫ್ರಾಂಕ್ ಹರ್ಬರ್ಟರ ‘ಡ್ಯೂನ್’, ೧೯೭೭ರ ಚಲನಚಿತ್ರ ‘ಸ್ಟಾರ್ ವಾರ್ಸ್’ ಇವೆಲ್ಲ ಇಂದು ಅದೇ ಹೆಸರಿನಡಿ ಗೌರವದಿಂದ ನಿಂತಿವೆ.

ನಾನು ಉದಾಹರಣೆಗಳನ್ನು ಹೆಚ್ಚಾಗಿ ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಟೆಲಿವಿಷನ್ ಮಾಲೆಯಿಂದ ತೆಗೆದುಕೊಳ್ಳುತ್ತೇನೆ. ಜೀನ್ ರಾಡನ್‌ಬೆರಿಯವರು ರೂಪಿಸಿದ ಈ ಮಾಲೆ ಆರಂಭವಾದದ್ದು ೧೯೬೬ರ ಸೆಪ್ಟೆಂಬರ್ ೮ರಂದು. ೧೯೬೯ರಲ್ಲಿ ನಿಲ್ಲುವುದರೊಳಗೆ ೭೯ ಕಂತುಗಳಾದವು. ಆ ಬಳಿಕ ಅದೇ ಲೋಕದಲ್ಲಿ ಇನ್ನೂ ಹಲವು ಮಾಲೆಗಳೂ ಚಲನಚಿತ್ರಗಳೂ ಬಂದಿವೆ. ಗ್ರಹಗಳ ಒಂದು ಒಕ್ಕೂಟ; ಅದರ ಪರವಾಗಿ ಸಂಚರಿಸುವ ಎಂಟರ್‌ಪ್ರೈಸ್ ಎಂಬ ನೌಕೆ; ಅದರ ಕ್ಯಾಪ್ಟನ್ ಕರ್ಕ್; ವಲ್ಕನ್ ಗ್ರಹದ ತಂದೆಗೂ ಭೂಮಿಯ ತಾಯಿಗೂ ಹುಟ್ಟಿದ, ಭಾವನೆಯನ್ನು ಅದುಮಿ ತರ್ಕವನ್ನೇ ನಂಬುವ ಸ್ಪಾಕ್; ಅವನೊಡನೆ ಸದಾ ವಾದ ಹೂಡುವ ಡಾಕ್ಟರ್ ಮೆಕಾಯ್. ಇಷ್ಟು ತಿಳಿದಿದ್ದರೆ ಮುಂದಿನ ಮಾತುಗಳಿಗೆ ಸಾಕು. ಅಭಿಮಾನಿ ಕಥೆ ತನ್ನ ಇಂದಿನ ರೂಪವನ್ನು ಪಡೆದದ್ದು ಬಹುಮಟ್ಟಿಗೆ ಈ ಲೋಕದ ಸುತ್ತಲೇ. ಮಾಲೆ ಆರಂಭವಾದ ಮರುವರ್ಷ, ೧೯೬೭ರಲ್ಲಿ, ‘ಸ್ಪಾಕನೇಲಿಯ’ ಎಂಬ ಸೈಕ್ಲೋಸ್ಟೈಲ್ ಪತ್ರಿಕೆಯನ್ನು ಅಭಿಮಾನಿಗಳೇ ಹೊರತಂದರು.

“ಸ್ವಂತ ಲೋಕ ಕಟ್ಟುವ ಶಕ್ತಿಯಿಲ್ಲದವರ ಕೆಲಸವಲ್ಲವೆ ಇದು?” ಎಂದು ಹಿರಿಯರು ಕೇಳಬಹುದು. ಕನ್ನಡ ಓದಿದವರು ಈ ಪ್ರಶ್ನೆಗೆ ಬೆದರಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ರನ್ನನು ವ್ಯಾಸರ ಲೋಕವನ್ನೇ ಎರವಲು ಪಡೆದು, ಅದರ ಕೊನೆಯ ಒಂದು ದ್ವಂದ್ವಯುದ್ಧವನ್ನು ಆರಿಸಿಕೊಂಡು, ಅಲ್ಲಿ ನಿಂತು ಹಿಂದಿರುಗಿ ನೋಡುತ್ತ ಇಡೀ ಭಾರತವನ್ನು ‘ಗದಾಯುದ್ಧ’ದಲ್ಲಿ ತೋರಿಸಿದನು. ದುರ್ಯೋಧನನು ಬೀಳುತ್ತಾನೆಂದು ಕೇಳುವವರಿಗೆಲ್ಲ ಗೊತ್ತು. ಹೇಗೆ ಬೀಳುತ್ತಾನೆ, ಬೀಳುವಾಗ ಎಂಥವನಾಗಿ ಕಾಣುತ್ತಾನೆ ಎಂಬುದೇ ಕವಿಯ ಪಾಲಿಗೆ ಉಳಿದ ನೆಲ. ಯಕ್ಷಗಾನದ ಅರ್ಥಧಾರಿಯೂ ಹೀಗೆಯೇ: ಪ್ರಸಂಗ ಸ್ಥಿರ, ಮಾತು ಅವನದು. ಆದರೆ ಒಂದು ಭೇದವನ್ನು ಮರೆಯಬಾರದು. ವ್ಯಾಸರ ಲೋಕ ಎಲ್ಲರ ಸೊತ್ತು. ಸ್ಟಾರ್ ಟ್ರೆಕ್ ಮೊದಲಾದುವಕ್ಕೆ ಕೃತಿಸ್ವಾಮ್ಯವಿದೆ, ಯಜಮಾನರಿದ್ದಾರೆ. ಆದುದರಿಂದ ಯಾರ ಲೋಕವೆಂದು ಮೊದಲ ಪುಟದಲ್ಲಿಯೇ ಹೇಳಿಬಿಡಬೇಕು. ಹಣಕ್ಕೆ ಮಾರುವ ಯೋಚನೆಯನ್ನು ಬಿಡಬೇಕು. ಸಂತೋಷಕ್ಕಾಗಿ ಬರೆದದ್ದು ಸಂತೋಷಕ್ಕಾಗಿಯೇ ಕೈಯಿಂದ ಕೈಗೆ ಹೋಗಲಿ.

ಇನ್ನು ಕೆಲಸಕ್ಕೆ ಬರೋಣ. ಬರೆಯುವುದಕ್ಕೆ ಮೊದಲು ಒಂದು ನೋಟುಪುಸ್ತಕದಲ್ಲಿ ಮೂರು ಅಂಕಣಗಳನ್ನು ಎಳೆಯಿರಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಮೂಲಕಥೆಯಲ್ಲಿ ನಮ್ಮ ಕಣ್ಣೆದುರಿಗೇ ನಡೆದದ್ದು ಮೊದಲನೆಯದು, ಅದನ್ನು ಅಲುಗಿಸಬಾರದು. ಪಾತ್ರವೊಂದು ಹೇಳಿದ್ದು ಎರಡನೆಯದು. ಹೇಳಿದವನು ಸುಳ್ಳಾಡಿರಬಹುದು, ಜಂಬ ಕೊಚ್ಚಿರಬಹುದು, ಅವನಿಗೆ ಪೂರ್ತಿ ತಿಳಿಯದೆಯೂ ಇರಬಹುದು. ಅಭಿಮಾನಿಗಳು ತಮ್ಮೊಳಗೆ ಒಪ್ಪಿಕೊಂಡು ಬಂದದ್ದು ಮೂರನೆಯದು. ಅದಕ್ಕೆ ನೀವು ಕಟ್ಟುಬಿದ್ದವರಲ್ಲ. ಈ ಮೂರನ್ನೂ ಒಂದೇ ರಾಶಿ ಮಾಡಿಕೊಂಡವರು ಒಂದು ಕಡೆ ಅನಾವಶ್ಯಕವಾಗಿ ಹೆದರುತ್ತಾರೆ, ಇನ್ನೊಂದು ಕಡೆ ಮುಟ್ಟಬಾರದ್ದನ್ನು ಮುಟ್ಟುತ್ತಾರೆ.

ಮೂಲದಲ್ಲಿ ತಪ್ಪೋ ವಿರೋಧವೋ ಕಂಡರೆ ಅದು ಶತ್ರುವಲ್ಲ, ಬಾಗಿಲು. ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಹಾನ್ ಸೋಲೋ ಎಂಬ ನಾವಿಕನು ಕೆಸೆಲ್ ಎಂಬಲ್ಲಿಯ ಓಟವನ್ನು ತನ್ನ ನೌಕೆ ೧೨ ಪಾರ್ಸೆಕ್‌ಗಳೊಳಗೆ ಮುಗಿಸಿತೆಂದು ಜಂಬ ಪಡುತ್ತಾನೆ. ಪಾರ್ಸೆಕ್ ಎಂಬುದು ಕಾಲದ ಅಳತೆಯಲ್ಲ, ದೂರದ ಅಳತೆ. ಒಂದು ಪಾರ್ಸೆಕ್ ೩.೨೬ ಜ್ಯೋತಿರ್ವರ್ಷಗಳಿಗೆ ಸಮ. ನಮ್ಮ ಬಸ್ಸು ಮೈಸೂರನ್ನು ಇಷ್ಟು ಮೈಲಿಗಳೊಳಗೆ ಮುಟ್ಟಿತು ಎಂದು ವೇಗವನ್ನು ಹೊಗಳಿದ ಹಾಗಾಯಿತು. ಮುಂದಿನ ಲೇಖಕರು ಇದನ್ನು ಅಳಿಸಲಿಲ್ಲ. ಆ ದಾರಿಯ ಬದಿಯಲ್ಲಿ ಕಪ್ಪು ಕುಳಿಗಳಿವೆ. ಧೈರ್ಯಶಾಲಿಯಾದವನು ಅವುಗಳ ಹತ್ತಿರ ಹಾದು ದಾರಿಯನ್ನೇ ಮೊಟಕುಮಾಡುತ್ತಾನೆ ಎಂದು ಅರ್ಥ ಹಚ್ಚಿದರು. ನಗೆಪಾಟಲಾಗಬಹುದಾಗಿದ್ದ ಮಾತೊಂದು ಹೀಗೆ ಆಕಾಶದ ಭೂಗೋಳವಾಯಿತು. ಸ್ಟಾರ್ ಟ್ರೆಕ್ಕಿನ ಕ್ಲಿಂಗಾನ್ ಜನರ ಹಣೆಯ ಕಥೆಯೂ ಇಂಥದೇ. ೧೯೬೬ರ ಮಾಲೆಯಲ್ಲಿ ಅವರ ಹಣೆ ನಮ್ಮ ಹಣೆಯಂತೆಯೇ ನುಣುಪು. ಹಣ ಹೆಚ್ಚು ದೊರೆತ ೧೯೭೯ರ ಚಲನಚಿತ್ರದಲ್ಲಿ ಅದರ ಮೇಲೆ ಮೂಳೆಯ ಏಣುಗಳೆದ್ದವು. ೨೦೦೫ರಲ್ಲಿ, ಬಹಳ ವರ್ಷಗಳ ನಂತರ, ಮಾಲೆಯವರೇ ಇದಕ್ಕೊಂದು ರೋಗದ ಕಥೆಯನ್ನು ಕಟ್ಟಿ ಕಾರಣ ಕೊಟ್ಟರು. ವೇಷಭೂಷಣದ ಖರ್ಚಿನ ಲೆಕ್ಕ ಒಂದು ಜನಾಂಗದ ಇತಿಹಾಸವಾಗಿ ಪರಿಣಮಿಸಿತು!

ಎರಡನೆಯದು ದೂರ. ನನ್ನ ದೃಷ್ಟಿಯಲ್ಲಿ ಲೋಕನಿರ್ಮಾಣದ ಬೆನ್ನೆಲುಬೇ ಇದು. ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, ಅದು ೪.೨೪ ಜ್ಯೋತಿರ್ವರ್ಷಗಳ ದೂರದಲ್ಲಿದೆ. ೧೯೭೭ರಲ್ಲಿ ಹೊರಟ ವಾಯೇಜರ್ ೧ ಸೆಕೆಂಡಿಗೆ ಸುಮಾರು ೧೭ ಕಿಲೋಮೀಟರ್ ವೇಗದಿಂದ ಹೋಗುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ೭೦ ಸಾವಿರ ವರ್ಷಗಳಿಗೂ ಮಿಕ್ಕಿ ಬೇಕು. ಆದುದರಿಂದ ಇಂಥ ಕಥೆಗಳಲ್ಲಿ ಬೆಳಕಿಗಿಂತ ವೇಗವಾಗಿ ಹೋಗುವ ಒಂದು ಉಪಾಯವನ್ನು ಒಪ್ಪಿಕೊಳ್ಳಲೇಬೇಕು. ಸ್ಟಾರ್ ಟ್ರೆಕ್ಕಿನಲ್ಲಿ ಅದರ ಹೆಸರು ‘ವಾರ್ಪ್’. ಮೊದಲ ಮಾಲೆಯ ಕಾಲದ ಲೆಕ್ಕದ ಪ್ರಕಾರ ವಾರ್ಪ್ ಅಂಕಿಯ ಘನವೇ ಅದರ ವೇಗ: ವಾರ್ಪ್ ೨ ಎಂದರೆ ಬೆಳಕಿನ ೮ ಪಟ್ಟು, ವಾರ್ಪ್ ೬ ಎಂದರೆ ೨೧೬ ಪಟ್ಟು. ಕಂತುಗಳು ಈ ಲೆಕ್ಕವನ್ನು ಆಗಾಗ ಮೀರಿವೆ, ಮುಂದಿನ ಮಾಲೆಗಳಲ್ಲಿ ಲೆಕ್ಕವೇ ಬದಲಾಯಿತು. ಆದರೂ ನಿಮ್ಮ ಒಂದು ಕಥೆಯ ಮಟ್ಟಿಗೆ ಒಂದೇ ಲೆಕ್ಕವನ್ನು ಹಿಡಿಯುವುದು ಒಳ್ಳೆಯದು.

ಆ ಲೆಕ್ಕ ಏನು ಹೇಳುತ್ತದೆ ನೋಡಿ. ವಾರ್ಪ್ ೬ರಲ್ಲಿ ಪ್ರಾಕ್ಸಿಮಾಕ್ಕೆ ಏಳು ದಿನ; ಅದು ನೆರೆಯೂರು. ನೂರು ಜ್ಯೋತಿರ್ವರ್ಷ ದೂರದ ಒಂದು ವಸಾಹತಿಗೆ ೧೬೯ ದಿನ, ಎಂದರೆ ಐದೂವರೆ ತಿಂಗಳು. ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ನಮ್ಮ ಆಕಾಶಗಂಗೆಯನ್ನು ಈ ತುದಿಯಿಂದ ಆ ತುದಿಗೆ ದಾಟಲು ೪೬೩ ವರ್ಷ. ಅದು ಒಬ್ಬ ಮನುಷ್ಯನ ಪ್ರಯಾಣವಲ್ಲ, ವಂಶದ ಪ್ರಯಾಣ.

ಐದೂವರೆ ತಿಂಗಳೆಂಬ ಅಂಕಿ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾಗಿರಬೇಕು. ಹದಿನೆಂಟನೆಯ ಶತಮಾನದಲ್ಲಿ ಕಲ್ಕತ್ತೆಯಿಂದ ಹೊರಟ ಹಾಯಿಹಡಗು ಆಫ್ರಿಕದ ತುದಿಯನ್ನು ಸುತ್ತಿ ಲಂಡನ್ನನ್ನು ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುತ್ತಿತ್ತು. ಒಂದು ಪತ್ರಕ್ಕೆ ಉತ್ತರ ಬರಬೇಕಾದರೆ ಒಂದು ವರ್ಷ. ಆದುದರಿಂದಲೇ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ಲರು ಇಲ್ಲಿ ಯುದ್ಧಗಳನ್ನು ಹೂಡಿ ಮುಗಿಸಿದ ಮೇಲೆ ಅಲ್ಲಿಯ ಯಜಮಾನರಿಗೆ ಸುದ್ದಿ ಹೋಗುತ್ತಿತ್ತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದದ್ದು ಲಂಡನ್ನಿಗೆ ತಿಳಿದದ್ದು ತಿಂಗಳುಗಳ ಬಳಿಕ. ೧೮೭೦ರಲ್ಲಿ ಸಮುದ್ರದೊಳಗಿನ ತಂತಿ ಮುಂಬಯಿಯನ್ನು ಇಂಗ್ಲೆಂಡಿಗೆ ಜೋಡಿಸಿದ ಮೇಲೆ ಆ ಸ್ವಾತಂತ್ರ್ಯ ಕುಗ್ಗಿತು. ಹಾಗಾದರೆ ನಿಮ್ಮ ನೂರು ಜ್ಯೋತಿರ್ವರ್ಷ ದೂರದ ವಸಾಹತಿನ ಅಧಿಕಾರಿ ಎಂಥವನಾಗಿರುತ್ತಾನೆ? ಅವನ ಸ್ವಭಾವವನ್ನು ನೀವು ಕಲ್ಪಿಸಬೇಕಾಗಿಲ್ಲ, ದೂರವೇ ಕಲ್ಪಿಸಿಕೊಡುತ್ತದೆ.

ಪ್ರಯಾಣದ ವೇಗ ಬೇರೆ, ಸುದ್ದಿಯ ವೇಗ ಬೇರೆ. ಎರಡನ್ನೂ ಪ್ರತ್ಯೇಕವಾಗಿ ನಿಶ್ಚಯಿಸಿಕೊಳ್ಳಿ. ಅರ್ಸುಲಾ ಲೆ ಗ್ವಿನ್ ಅವರು ೧೯೬೬ರ ತಮ್ಮ ಮೊದಲ ಕಾದಂಬರಿಯಲ್ಲಿ ‘ಆನ್ಸಿಬಲ್’ ಎಂಬ ಯಂತ್ರವನ್ನು ತಂದರು: ಮಾತು ಕ್ಷಣದಲ್ಲಿ ತಲುಪುತ್ತದೆ, ಮನುಷ್ಯ ಮಾತ್ರ ಬೆಳಕನ್ನು ಮೀರಿ ಹೋಗಲಾರ. ಮಗಳ ದನಿ ಇಂದೇ ಕೇಳಬಹುದು, ಅವಳ ಮುಖ ನೋಡುವುದರೊಳಗೆ ಅವಳು ಮುದುಕಿ. ಇದಕ್ಕೆ ಬದಲಾಗಿ ಮೊದಲ ಸ್ಟಾರ್ ಟ್ರೆಕ್ಕಿನ ಗಡಿಪ್ರದೇಶದಲ್ಲಿ ಸುದ್ದಿಯೂ ನಿಧಾನ. ‘ಬ್ಯಾಲೆನ್ಸ್ ಆಫ್ ಟೆರರ್’ ಎಂಬ ಕಂತಿನಲ್ಲಿ ಯುದ್ಧವೋ ಶಾಂತಿಯೋ ಎಂಬುದನ್ನು ಕರ್ಕ್ ಒಬ್ಬನೇ ನಿರ್ಣಯಿಸಬೇಕಾಗುತ್ತದೆ. ಮೇಲಧಿಕಾರಿಗಳ ಉತ್ತರ ಬರುವುದು ಎಲ್ಲ ಮುಗಿದ ಮೇಲೆ. ಸುದ್ದಿ ಬೇಗ ಬರುವಂತಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ.

ಮೂರನೆಯದು ನೆಲ ಮತ್ತು ಗಾಳಿ. ಇಲ್ಲಿ ಹೆಚ್ಚು ಹೇಳುವುದಿಲ್ಲ. ಗ್ರಹವನ್ನು ವರ್ಣಿಸಬೇಡಿ, ಅದು ಪಾತ್ರದ ಮೈಮೇಲೆ ಏನು ಮಾಡುತ್ತದೆಂದು ಹೇಳಿ. ೧೯೬೭ರ ‘ಅಮಾಕ್ ಟೈಮ್’ ಎಂಬ ಕಂತಿನಲ್ಲಿ ವಲ್ಕನ್ ಗ್ರಹ ಮೊದಲ ಬಾರಿಗೆ ಕಾಣುತ್ತದೆ. ಅಲ್ಲಿ ಸೆಕೆ ಹೆಚ್ಚು, ಗಾಳಿ ತೆಳು. ದ್ವಂದ್ವಯುದ್ಧದಲ್ಲಿ ಕರ್ಕ್ ಏದುಸಿರು ಬಿಡುತ್ತಾನೆ. ಉಸಿರಾಟಕ್ಕೆ ಅನುಕೂಲವಾಗಲೆಂದು ಡಾಕ್ಟರ್ ಮೆಕಾಯ್ ಒಂದು ಚುಚ್ಚುಮದ್ದು ಕೊಡುತ್ತಾನೆ. ಅದು ನಿಜವಾಗಿ ಅವನನ್ನು ಸತ್ತವನಂತೆ ಕೆಡಹುವ ಮದ್ದು. ಅದರಿಂದಲೇ ಅವನ ಪ್ರಾಣ ಉಳಿಯುತ್ತದೆ. ಗಾಳಿ ತೆಳುವಾಗಿರದಿದ್ದರೆ ಚುಚ್ಚುಮದ್ದಿಗೆ ನೆಪವಿಲ್ಲ, ನೆಪವಿಲ್ಲದಿದ್ದರೆ ಕಥೆಗೆ ಮುಕ್ತಾಯವಿಲ್ಲ.

ನಾಲ್ಕನೆಯದು ಅನ್ನ. ಅಸಿಮೋವರ ಸಾಮ್ರಾಜ್ಯದ ರಾಜಧಾನಿ ಟ್ರ್ಯಾಂಟರ್ ಇಡೀ ಗ್ರಹವೇ ಒಂದು ನಗರ. ೪,೦೦೦ ಕೋಟಿಗೂ ಮೀರಿದ ಜನ. ಅಷ್ಟು ಹೇಳಿ ಅವರು ಸುಮ್ಮನಾಗಲಿಲ್ಲ; ೨೦ ಕೃಷಿಗ್ರಹಗಳ ಬೆಳೆ ಸಾವಿರಾರು ಹಡಗುಗಳಲ್ಲಿ ಬಂದು ಆ ನಗರದ ಊಟದ ತಟ್ಟೆಯನ್ನು ತುಂಬಬೇಕೆಂದರು. ಆ ಕ್ಷಣದಲ್ಲಿಯೇ ಸಾಮ್ರಾಜ್ಯದ ಕುತ್ತಿಗೆ ಎಲ್ಲಿದೆಯೆಂದು ಓದುಗನಿಗೆ ಗೊತ್ತಾಗುತ್ತದೆ. ಆ ೨೦ ಗ್ರಹಗಳ ಒಬ್ಬ ರೈತನ ಕಥೆಯನ್ನು ಬರೆಯಬೇಕೆನ್ನಿಸುವುದಿಲ್ಲವೆ?

ಈಗ ಒಂದು ಉದಾಹರಣೆಯನ್ನು ಕೊನೆಯವರೆಗೆ ನಡೆಸಿ ನೋಡೋಣ. ೧೯೬೬ರ ಡಿಸೆಂಬರಿನಲ್ಲಿ ಪ್ರಸಾರವಾದ ‘ದಿ ಕಾನ್‌ಷನ್ಸ್ ಆಫ್ ದಿ ಕಿಂಗ್’ ಎಂಬ ಕಂತಿನಲ್ಲಿ ಟಾರ್ಸಸ್ ೪ ಎಂಬ ವಸಾಹತಿನ ಪ್ರಸ್ತಾಪ ಬರುತ್ತದೆ. ೮,೦೦೦ ಜನರ ವಸಾಹತು. ಒಂದು ಬೂಷ್ಟು ಬಂದು ಆಹಾರದ ಬಹುಭಾಗವನ್ನು ಹಾಳುಮಾಡಿತು. ಕೋಡೋಸ್ ಎಂಬ ಗವರ್ನರನು ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡು, ಯಾರು ಬದುಕಲು ಯೋಗ್ಯರು ಎಂದು ತನ್ನದೇ ಸಿದ್ಧಾಂತದಿಂದ ಆರಿಸಿ, ಅರ್ಧಕ್ಕಿಂತ ಹೆಚ್ಚು ಮಂದಿಯನ್ನು, ಎಂದರೆ ೪,೦೦೦ಕ್ಕೂ ಮೀರಿ ಜನರನ್ನು, ಕೊಲ್ಲಿಸಿದನು. ಆಮೇಲೆ ಆಹಾರದ ಹಡಗುಗಳು ನಿರೀಕ್ಷಿಸಿದ್ದಕ್ಕಿಂತ ಮುಂಚೆಯೇ ಬಂದುವು. ಹುಡುಗನಾಗಿದ್ದ ಕರ್ಕ್ ಅದನ್ನು ಕಂಡವರಲ್ಲಿ ಒಬ್ಬ. ಕಂತು ಇವನ್ನೆಲ್ಲ ಕೆಲವು ಮಾತುಗಳಲ್ಲಿ ಹೇಳಿ, ೨೦ ವರ್ಷಗಳ ನಂತರದ ತನ್ನ ಕಥೆಗೆ ಹೋಗಿಬಿಡುತ್ತದೆ. ಉಳಿದದ್ದೆಲ್ಲ ಖಾಲಿ ನೆಲ. ಅನೇಕ ಅಭಿಮಾನಿಗಳು ಅಲ್ಲಿ ಬೇಸಾಯ ಮಾಡಿದ್ದಾರೆ, ನಾವೂ ಮಾಡಬಹುದು.

ಮೊದಲು ಪಡಿ ಎಷ್ಟೆಂದು ಕೇಳಿಕೊಳ್ಳೋಣ. ಇದಕ್ಕೆ ಆಕಾಶಕ್ಕೆ ಹೋಗಬೇಕಾಗಿಲ್ಲ. ೧೮೭೬–೭೮ರ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತದಲ್ಲೂ ಮೈಸೂರು ಸಂಸ್ಥಾನದಲ್ಲೂ ಲಕ್ಷಾಂತರ ಜನ ಸತ್ತರು. ಆಗ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಎಂದರೆ ಸುಮಾರು ೪೫೦ ಗ್ರಾಂ, ಸಾಕೆಂದು ಗೊತ್ತುಮಾಡಿದನು. ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದನು. ಕ್ಷಾಮದ ಅಧಿಕಾರಿ ಹೇಗೆ ಲೆಕ್ಕ ಹಾಕುತ್ತಾನೆ, ಆ ಲೆಕ್ಕ ಯಾರ ಹೊಟ್ಟೆಯ ಮೇಲೆ ಬೀಳುತ್ತದೆ ಎಂದು ತಿಳಿಯಲು ಇಂಥ ದಾಖಲೆಗಳಿಗಿಂತ ಉತ್ತಮ ಗುರುವಿಲ್ಲ.

ಟಾರ್ಸಸ್ಸಿನಲ್ಲಿ ತಲೆಗೆ ಅರ್ಧ ಕಿಲೋ ಪಡಿಯೆಂದು ಹಿಡಿಯೋಣ. ೮,೦೦೦ ಜನರಿಗೆ ದಿನಕ್ಕೆ ೪೦ ಕ್ವಿಂಟಲ್. ಬೂಷ್ಟಿನಿಂದ ಉಳಿದ ದಾಸ್ತಾನು ೮೦೦ ಕ್ವಿಂಟಲ್ ಎಂದು ಎಣಿಸಿದರೆ, ಅದು ೨೦ ದಿನಕ್ಕೆ ಬಂತು. ಸಹಾಯದ ಹಡಗು ೨೦ ಜ್ಯೋತಿರ್ವರ್ಷ ದೂರದಿಂದ ವಾರ್ಪ್ ೬ರಲ್ಲಿ ಹೊರಟರೆ ೩೪ ದಿನ. ಗವರ್ನರನ ಕೈಯಲ್ಲಿ ಈ ಎರಡು ಅಂಕಿಗಳಿವೆ: ೨೦ ಮತ್ತು ೩೪. ಅರ್ಧ ಜನರನ್ನು ತೆಗೆದುಬಿಟ್ಟರೆ ದಾಸ್ತಾನು ೪೦ ದಿನ ಬರುತ್ತದೆ ಎಂದು ಅವನು ಹೇಳುತ್ತಾನೆ. ಲೆಕ್ಕ ಸರಿಯಾಗಿದೆ. ಆದರೆ ಅರ್ಧ ಪಡಿಯನ್ನು ಎಲ್ಲರಿಗೂ ಕೊಟ್ಟರೂ ದಾಸ್ತಾನು ೪೦ ದಿನವೇ ಬರುತ್ತದೆ! ಜನ ಬಡಕಲಾಗುತ್ತಾರೆ, ವೃದ್ಧರೂ ಶಿಶುಗಳೂ ಕೆಲವರು ಸಾಯಲೂಬಹುದು. ನಾಲ್ಕು ಸಾವಿರ ಮಂದಿ ಸಾಯುವುದಿಲ್ಲ. ಹಾಗಾದರೆ ಕೊಂದದ್ದು ಹಸಿವೂ ಅಲ್ಲ, ಗಣಿತವೂ ಅಲ್ಲ. ಇಂಥವರು ಬದುಕಲು ಯೋಗ್ಯರಲ್ಲ ಎಂಬ ಸಿದ್ಧಾಂತ. ಕೋಡೋಸನನ್ನು ರಾಕ್ಷಸನೆಂದು ನೀವು ಬೈಯಬೇಕಾಗಿಲ್ಲ. ಉಗ್ರಾಣದ ಗುಮಾಸ್ತನೊಬ್ಬ ದೀಪದ ಮುಂದೆ ಕುಳಿತು ಈ ಭಾಗಾಕಾರವನ್ನು ಎರಡು ಸಲ ಮಾಡಿ, ಎರಡು ಸಲವೂ ೪೦ ಎಂಬ ಉತ್ತರವನ್ನೇ ಕಂಡರೆ ಸಾಕು.

ಹಡಗು ಮುಂಚೆಯೇ ಬಂದದ್ದೇಕೆ? ಮೂಲದಲ್ಲಿ ಕಾರಣವಿಲ್ಲ, ನಮ್ಮ ಲೆಕ್ಕದಲ್ಲಿ ಇದೆ. ಆ ಹಡಗಿನ ಕ್ಯಾಪ್ಟನ್ ಯಂತ್ರ ಒಡೆದರೂ ಒಡೆಯಲಿ ಎಂದು ವಾರ್ಪ್ ೮ಕ್ಕೆ ಏರಿಸಿದಳೆಂದು ಇಟ್ಟುಕೊಳ್ಳಿ. ವಾರ್ಪ್ ೮ ಬೆಳಕಿನ ೫೧೨ ಪಟ್ಟು. ೨೦ ಜ್ಯೋತಿರ್ವರ್ಷಕ್ಕೆ ೧೪ ದಿನ. ಅವಳು ಹದಿನಾಲ್ಕನೆಯ ದಿನ ಇಳಿಯುತ್ತಾಳೆ. ಉಗ್ರಾಣದಲ್ಲಿ ಎಲ್ಲರಿಗೂ ಪೂರ್ತಿ ಪಡಿ ಕೊಟ್ಟರೂ ಇನ್ನೂ ಆರು ದಿನಕ್ಕೆ ಸಾಲುತ್ತಿತ್ತು. ತನ್ನ ವೇಗದ ಸುದ್ದಿಯನ್ನು ಮುಂದಾಗಿ ಕಳುಹಿಸಲು ಅವಳಿಗೆ ಸಾಧ್ಯವಿತ್ತೆ? ಕಳುಹಿಸಿದ್ದರೆ ಅದನ್ನು ಯಾರು ಓದಿದರು? ಇಲ್ಲಿಂದ ಕಥೆ ಆರಂಭವಾಗುತ್ತದೆ. ನಾವು ಮೂಲದ ಒಂದು ಕಲ್ಲನ್ನೂ ಕದಲಿಸಲಿಲ್ಲ. ದೂರ, ಪಡಿ, ವೇಗ ಎಂಬ ಮೂರು ಅಂಕಿಗಳನ್ನಷ್ಟೇ ಇಟ್ಟೆವು. ಮನುಷ್ಯರು ತಾವಾಗಿ ಬಂದರು.

ಐದನೆಯದು ಯಂತ್ರ. ಹೊಸ ಯಂತ್ರವನ್ನು ತರುವಾಗ ಮೂರು ಪ್ರಶ್ನೆ ಕೇಳಿ: ಇದು ಯಾರ ಕೈಯಲ್ಲಿದೆ? ಯಾರ ಕೈಯಲ್ಲಿಲ್ಲ? ಇದರಿಂದ ಯಾರ ಕಸಬು ಹೋಯಿತು? ಹರ್ಬರ್ಟರು ೧೯೬೫ರ ‘ಡ್ಯೂನ್’ನಲ್ಲಿ ವೇಗದ ಪೆಟ್ಟನ್ನು ತಡೆದು ನಿಧಾನದ ಪೆಟ್ಟನ್ನು ಒಳಗೆ ಬಿಡುವ ಒಂದು ಮೈಗಾಪನ್ನು ಕ‌ಲ್ಪಿಸಿದರು. ಫಲವೇನು? ಸಾವಿರಾರು ವರ್ಷಗಳ ಮುಂದಿನ ಕಾಲದಲ್ಲಿ ಜನ ಮತ್ತೆ ಕತ್ತಿ ಹಿಡಿದರು. ಕತ್ತಿವರಸೆಯ ಗುರುಗಳಿಗೆ ಮತ್ತೆ ಮರ್ಯಾದೆ ಬಂತು. ಸ್ಟಾರ್ ಟ್ರೆಕ್ಕಿನಲ್ಲಿ ವಾರವಾರವೂ ನೌಕೆಯನ್ನು ಹೊಸ ಗ್ರಹದ ಮೇಲೆ ಇಳಿಸಿ ತೋರಿಸಲು ಖರ್ಚು ಹೆಚ್ಚಾಗುತ್ತಿತ್ತಾದ್ದರಿಂದ, ಮನುಷ್ಯರನ್ನು ಕರಗಿಸಿ ನೆಲದ ಮೇಲೆ ಮತ್ತೆ ಕೂಡಿಸುವ ‘ಟ್ರಾನ್ಸ್‌ಪೋರ್ಟರ್’ ಹುಟ್ಟಿತು. ಖರ್ಚು ಉಳಿಯಿತು, ಆದರೆ ಎಂಥ ಅಪಾಯದಿಂದಲೂ ಕ್ಷಣದಲ್ಲಿ ಪಾರಾಗುವ ಪಾತ್ರಗಳನ್ನು ಅಪಾಯದಲ್ಲಿ ಇಡುವುದು ಹೇಗೆ? ಕಥೆಗಾರರು ಎಷ್ಟೋ ಕಂತುಗಳಲ್ಲಿ ಮೊದಲು ಆ ಯಂತ್ರವನ್ನು ಕೆಡಿಸಬೇಕಾಯಿತು. ಅನುಕೂಲಕ್ಕಾಗಿ ತಂದದ್ದು ಬಾಡಿಗೆ ಕೇಳದೆ ಬಿಡುವುದಿಲ್ಲ.

ಹೊಸ ಪಾತ್ರದ ವಿಷಯದಲ್ಲಿಯೂ ಒಂದು ಮಾತು. ೧೯೭೩ರಲ್ಲಿ ಪೌಲಾ ಸ್ಮಿತ್ ಎಂಬವರು ಅಭಿಮಾನಿ ಪತ್ರಿಕೆಯೊಂದರಲ್ಲಿ ‘ಮೇರಿ ಸೂ’ ಎಂಬ ನಾಯಕಿಯ ಅಣಕಕಥೆ ಬರೆದರು: ವಯಸ್ಸು ಹದಿನೈದೂವರೆ, ಬಾರದ ವಿದ್ಯೆಯಿಲ್ಲ, ನೌಕೆಯವರೆಲ್ಲ ಅವಳಿಗೆ ಮನಸೋಲುತ್ತಾರೆ. ಅಂದಿನಿಂದ ಆ ಹೆಸರು ಒಂದು ಬೈಗಳವೇ ಆಗಿದೆ. ಅದನ್ನು ಹುಡುಗಿಯರ ಮೇಲೆ ಮಾತ್ರ ಎಸೆಯುವುದು ಅನ್ಯಾಯ, ಕರ್ಕನೇನು ಕಡಿಮೆಯೆ? ದೋಷವಿರುವುದು ಪಾತ್ರದ ಜಾಣ್ಮೆಯಲ್ಲಲ್ಲ. ಅವಳು ಬಂದೊಡನೆ ಲೋಕ ತನ್ನ ನಿಯಮಗಳನ್ನು ಮರೆತು ತಲೆಬಾಗುವುದರಲ್ಲಿ.

ಕೊನೆಯದಾಗಿ, ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಎದುರಾಗುವ ಒಂದು ಸಮಸ್ಯೆ. ನಾನು ಅದನ್ನು ಭಾಗ್ಯವೆನ್ನುತ್ತೇನೆ. ಇಂಗ್ಲಿಷಿನಲ್ಲಿ ‘ಯೂ’ ಎಂಬ ಒಂದೇ ಸರ್ವನಾಮ. ಕರ್ಕನೂ ಸ್ಪಾಕನೂ ಅದನ್ನೇ ಬಳಸುತ್ತಾರೆ, ಮೂಲದವರು ಆ ಬಗ್ಗೆ ಯೋಚಿಸಬೇಕಾಗಿಯೇ ಇರಲಿಲ್ಲ. ಕನ್ನಡದಲ್ಲಿ ಮೊದಲ ಸಂಭಾಷಣೆಯಲ್ಲಿಯೇ ‘ನೀನು’ ಅಥವಾ ‘ನೀವು’ ಎಂದು ತೀರ್ಮಾನ ಮಾಡಬೇಕು. ಸ್ಪಾಕ್ ಕ್ಯಾಪ್ಟನ್ನನಿಗೆ ‘ನೀವು’ ಎನ್ನುತ್ತಾನೆ, ಸರಿ. ಕರ್ಕ್ ಅವನಿಗೆ ಏನೆನ್ನುತ್ತಾನೆ? ಎಲ್ಲರೆದುರಿಗೆ ‘ನೀವು’, ಇಬ್ಬರೇ ಚದುರಂಗವಾಡುವಾಗ ‘ನೀನು’ ಎಂದರೆ, ಒಂದು ಪುಟದ ವರ್ಣನೆಯಿಲ್ಲದೆ ಅವರ ಸ್ನೇಹ ತಿಳಿಯಿತು. ಮೆಕಾಯ್ ಸ್ಪಾಕನನ್ನು ಹೀಯಾಳಿಸುವಾಗ ‘ನೀವು’ ಎನ್ನುತ್ತಿದ್ದು, ಅವನ ಪ್ರಾಣಕ್ಕೆ ಅಪಾಯ ಬಂದಾಗ ‘ನೀನು’ ಎಂದು ಬಾಯಿತಪ್ಪಿದರೆ ಸಾಕು.

ಇನ್ನೂ ಸೂಕ್ಷ್ಮವಾದದ್ದು ಸ್ಪಾಕನ ಮನೆ. ೧೯೬೭ರ ‘ಜರ್ನಿ ಟು ಬೇಬಲ್’ ಎಂಬ ಕಂತಿನಲ್ಲಿ ಅವನ ತಂದೆ ಸಾರೆಕ್, ತಾಯಿ ಅಮಾಂಡಾ ಇಬ್ಬರೂ ನೌಕೆಗೆ ಬರುತ್ತಾರೆ. ತಂದೆಯೂ ಮಗನೂ ತಂದೆಮಕ್ಕಳಾಗಿ ಮಾತನಾಡಿ ೧೮ ವರ್ಷಗಳಾಗಿವೆ. ನಮ್ಮ ಎಷ್ಟೋ ಮನೆಗಳಲ್ಲಿ ತಂದೆಗೆ ‘ನೀವು’, ತಾಯಿಗೆ ‘ನೀನು’. ಸ್ಪಾಕ್ ತಾಯಿಯನ್ನು ‘ನೀವು’ ಎಂದು ಕರೆದರೆ ಅವನು ವಲ್ಕನ್ನಿನವನು. ‘ನೀನು’ ಎಂದರೆ ಭೂಮಿಯವನು. ಇಡೀ ಪಾತ್ರದ ಇಬ್ಬಂದಿತನ ಒಂದು ಅಕ್ಷರದಲ್ಲಿ ಬಂದು ಕುಳಿತುಕೊಳ್ಳುತ್ತದೆ. ಇದು ಇಂಗ್ಲಿಷ್ ಮೂಲದಲ್ಲಿಲ್ಲದ ಕೋಣೆ. ನಮ್ಮ ಭಾಷೆ ಕಟ್ಟಿಕೊಡುವ ಕೋಣೆ. ಹೆಸರುಗಳಲ್ಲಿಯೂ ಇದೇ ಎಚ್ಚರಿಕೆ ಬೇಕು. ವಲ್ಕನ್ ಗಂಡಸರ ಹೆಸರುಗಳು ಹೆಚ್ಚಾಗಿ ಸಕಾರದಿಂದ ತೊಡಗಿ ಕಕಾರದಲ್ಲಿ ಮುಗಿಯುತ್ತವೆ: ಸ್ಪಾಕ್, ಸಾರೆಕ್, ಸುರಾಕ್. ಕಿವಿಗೆ ಆ ಜಾಡು ಸಿಕ್ಕಿದವನು ಹೊಸ ಹೆಸರನ್ನಿಟ್ಟರೆ ಅದು ಆ ಮಣ್ಣಿನದೇ ಎನ್ನಿಸುತ್ತದೆ.

“ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ನಾಳೆ ಯಜಮಾನರು ಒಂದು ಹೊಸ ಚಿತ್ರ ತೆಗೆದು ಸುಳ್ಳುಮಾಡಿದರೆ?” ಎಂದು ಗೆಳೆಯರು ಕೇಳುವುದುಂಟು. ಮಾಡಬಹುದು. ೨೦೧೪ರಲ್ಲಿ ‘ಸ್ಟಾರ್ ವಾರ್ಸ್’ನ ಒಡೆಯರು, ತಾವೇ ಅನುಮತಿ ಕೊಟ್ಟು ಬರೆಸಿದ್ದ ಹಿಂದಿನ ಕಾದಂಬರಿಗಳನ್ನೆಲ್ಲ ಒಮ್ಮೆಗೇ ದಂತಕಥೆಗಳ ಸಾಲಿಗೆ ಸರಿಸಿದರು. ಆದರೆ ಒಳಗಿನ ಕಟ್ಟಡ ಗಟ್ಟಿಯಾಗಿದ್ದರೆ ಕಥೆ ನಿಲ್ಲುತ್ತದೆ. ಇಂದಿಗೂ ಅವುಗಳನ್ನು ಓದುವವರಿದ್ದಾರೆ. ಕೆಲವು ವೇಳೆ ಹೊಳೆ ಹಿಂದಕ್ಕೂ ಹರಿಯುತ್ತದೆ. ‘ಸ್ಪಾಕನೇಲಿಯ’ದ ಕಾಲದಲ್ಲಿ ಡೊರತಿ ಜೋನ್ಸ್ ಎಂಬ ಅಭಿಮಾನಿ ವಲ್ಕನ್ ಜನರಿಗೆಂದು ಒಂದು ನುಡಿಯನ್ನು ಕಟ್ಟಿದರು. ಅದರಲ್ಲಿ ‘ನಿ ವಾರ್’ ಎಂಬ ಮಾತಿದೆ: ಎರಡು ರೂಪ ಎಂದರ್ಥ, ಒಂದೇ ವಸ್ತುವಿನ ಎರಡು ಮುಖಗಳನ್ನು ಹೋಲಿಸಿ ತೋರಿಸುವ ಕಲೆಗೆ ಆ ಹೆಸರು. ಅರ್ಧ ಶತಮಾನ ಕಳೆದು, ೨೦೨೦ರಲ್ಲಿ, ಸ್ಟಾರ್ ಟ್ರೆಕ್ಕಿನ ಹೊಸ ಮಾಲೆಯೊಂದರಲ್ಲಿ ವಲ್ಕನ್ ಜನರೂ ಅವರಿಂದ ಅಗಲಿಹೋಗಿದ್ದ ದಾಯಾದಿಗಳಾದ ರೋಮುಲನ್ ಜನರೂ ಮತ್ತೆ ಒಂದುಗೂಡಿದಾಗ ಆ ಗ್ರಹಕ್ಕೆ ಇಟ್ಟ ಹೆಸರು ‘ನಿವಾರ್’. ಮಾತು ಅರ್ಥದಿಂದ ತುಂಬಿದ್ದುದರಿಂದ, ಎರಡಾದದ್ದು ಒಂದಾಗುವ ಗಳಿಗೆಗೆ ಅದು ಒದಗಿತು.

ಆದುದರಿಂದ ಬರೆಯತಕ್ಕ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ: ಆಕಾಶಗಂಗೆಯನ್ನೆಲ್ಲ ಒಮ್ಮೆಗೇ ಕಟ್ಟಲು ಹೊರಡಬೇಡಿ. ಒಂದು ವಸಾಹತು, ಒಂದು ಉಗ್ರಾಣ, ಅಲ್ಲಿಗೆ ಹಡಗು ಬರಲು ಹಿಡಿಯುವ ದಿನಗಳು, ಇಷ್ಟನ್ನು ಗೊತ್ತುಮಾಡಿಕೊಳ್ಳಿ. ಸಾಮ್ರಾಟರ ಕಥೆಯನ್ನು ಬರೆಯಲು ಬಹಳ ಜನರಿದ್ದಾರೆ. ಹಡಗಿಗಾಗಿ ಕಾಯುವವರ ಕಥೆ ಹೇಗಿರುತ್ತದೆಂದು ತಿಳಿಯಲು ಧಾತು ಈಶ್ವರಗಳ ಬರವನ್ನು ಕಂಡ ನಾಡಿನವರಿಗೆ ಬಹಳ ದೂರ ಹೋಗಬೇಕಾಗಿಲ್ಲ.